ವಿತರಿತ ತಂತ್ರಾಂಶಗಳಲ್ಲಿ ವಿಲಂಬಶೋಧನೆ: ಜಾಡರಿಯುವ ಉಪಕರಣಗಳ ಪರೀಕ್ಷೆ

ಒಂದು ಕೆಲಸವನ್ನು ಒಬ್ಬನೇ ಮಾಡಿದಾಗ ತಡವಾದರೆ ಕೇಳಬೇಕಾದವನೂ ಒಬ್ಬನೇ. ಅದೇ ಕೆಲಸವು ಇಪ್ಪತ್ತು ಕೈಗಳನ್ನು ಹಾದು ಬರುವುದಾದರೆ ತಡಮಾಡಿದ ಕೈ ಯಾವುದೆಂದು ನಿರ್ಣಯಿಸುವುದು ಕಷ್ಟ. ಏಕೆಂದರೆ ಪ್ರತಿಯೊಂದು ಕೈಯೂ ತನ್ನ ಪಾಲಿನ ಕೆಲಸವನ್ನು ಮಾತ್ರ ಬಲ್ಲುದು. ಈಗಿನ ದೊಡ್ಡ ಗಣಕವ್ಯವಸ್ಥೆಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯವು. ಹಿಂದೆ ಒಂದೇ ಯಂತ್ರದಲ್ಲಿ ಒಂದೇ ದೊಡ್ಡ ಕ್ರಮವಿಧಿಯಾಗಿ ನಡೆಯುತ್ತಿದ್ದ ಕಾರ್ಯವು ಇಂದು ಹತ್ತಾರು, ಕೆಲವೆಡೆ ನೂರಾರು, ಸಣ್ಣ ಕ್ರಮವಿಧಿಗಳಾಗಿ ಒಡೆದು ಬೇರೆ ಬೇರೆ ಯಂತ್ರಗಳಲ್ಲಿ ನೆಲಸಿರುತ್ತದೆ. ಇವುಗಳ ಸಮುದಾಯವನ್ನು ವಿತರಿತ ತಂತ್ರಾಂಶವೆಂದೂ, ಅದರೊಳಗಿನ ಒಂದೊಂದು ಸಣ್ಣ ಕ್ರಮವಿಧಿಯನ್ನು ಸೇವೆಯೆಂದೂ ಕರೆಯುವ ರೂಢಿಯಿದೆ. ಇಂತಹ ವ್ಯವಸ್ಥೆಯಲ್ಲಿ ಉಂಟಾಗುವ ವಿಲಂಬದ ಮೂಲವನ್ನು ಅರಸುವುದಕ್ಕಾಗಿಯೇ ಹಲವು ಉಪಕರಣಗಳು ಹುಟ್ಟಿವೆ. ಅವುಗಳಲ್ಲಿ ಒಂದನ್ನು ಯಾವ ಕ್ರಮದಿಂದ ಆರಿಸತಕ್ಕದ್ದೆಂಬುದೇ ಪ್ರಕೃತ ವಿಚಾರ.

ಗ್ರಂಥಾಭ್ಯಾಸದಲ್ಲಿ ನಿರತರಾದವರಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಪುಸ್ತಕಭಂಡಾರಗಳ ಸೂಚಿಗಳು, ಪರೀಕ್ಷೆಗಳ ಫಲಿತಾಂಶಗಳು, ಹಸ್ತಪ್ರತಿಗಳ ಚಿತ್ರಸಂಗ್ರಹಗಳು ಇವೆಲ್ಲವೂ ಇಂದು ಇಂತಹ ತಂತ್ರಾಂಶಗಳ ಮೂಲಕವೇ ಜನರಿಗೆ ದೊರೆಯುತ್ತಿವೆ. ಅವುಗಳಿಗೆ ಉಪಕರಣವನ್ನು ಗೊತ್ತುಮಾಡುವ ಸಮಿತಿಗಳಲ್ಲಿ ವಿದ್ವಾಂಸರೂ ಕುಳಿತುಕೊಳ್ಳಬೇಕಾಗುತ್ತದೆ. ಅದೂ ಅಲ್ಲದೆ, ಬಗೆದು ನೋಡಿದರೆ ಇಲ್ಲಿನ ಪ್ರಶ್ನೆಯು ಪ್ರಮಾಣವಿಚಾರದ ಪ್ರಶ್ನೆಯೇ ಆಗಿದೆ. ಕಾರ್ಯವು ಕಣ್ಣೆದುರಿಗಿದೆ, ಕಾರಣವು ಮರೆಯಾಗಿದೆ, ಅದನ್ನು ಯಾವ ಸಾಕ್ಷ್ಯದಿಂದ ಸಾಧಿಸಬೇಕು?

ದೃಷ್ಟಾಂತಕ್ಕಾಗಿ, ಓಲೆಗರಿಯ ಪ್ರತಿಗಳ ಚಿತ್ರಗಳನ್ನು ಜಾಲದ ಮೂಲಕ ಒದಗಿಸುವ ಒಂದು ಗ್ರಂಥಭಂಡಾರವಿದೆಯೆಂದು ಇಟ್ಟುಕೊಳ್ಳಬಹುದು. ಓದುಗನೊಬ್ಬನು ಗ್ರಂಥದ ಹೆಸರನ್ನು ಬರೆದು ಕೋರಿಕೆ ಕಳುಹಿಸುತ್ತಾನೆ. ಆ ಕೋರಿಕೆಯನ್ನು ಮೊದಲು ದ್ವಾರದ ಸೇವೆಯು ಬರಮಾಡಿಕೊಂಡು, ಓದುಗನು ಸದಸ್ಯನೋ ಎಂಬುದನ್ನು ಮತ್ತೊಂದು ಸೇವೆಯಿಂದ ವಿಚಾರಿಸಿ, ಅನಂತರ ಶೋಧನಸೇವೆಗೆ ಒಪ್ಪಿಸುತ್ತದೆ. ಶೋಧನಸೇವೆಯು ಸೂಚಿಯ ಸೇವೆಯನ್ನು ಕೇಳುತ್ತದೆ. ಸೂಚಿಯು ದತ್ತಾಂಶಕೋಶವನ್ನು ಕೇಳುತ್ತದೆ. ಕಡೆಯಲ್ಲಿ ಚಿತ್ರಕೋಶದಿಂದ ಪುಟಗಳು ಬರುತ್ತವೆ. ಸಾಮಾನ್ಯವಾಗಿ ಇಷ್ಟೆಲ್ಲವೂ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಕೆಲವರಿಗೆ, ಕೆಲವು ವೇಳೆ, ೯ ಸೆಕೆಂಡು ಹಿಡಿಯುತ್ತದೆ. ದೂರು ಬಂದಾಗ ಪ್ರತಿಯೊಂದು ಸೇವೆಯನ್ನು ನೋಡಿಕೊಳ್ಳುವವರೂ ತಮ್ಮ ಲೆಕ್ಕದ ಪುಸ್ತಕವನ್ನು ತೆರೆದು, ತಮ್ಮಲ್ಲಿ ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತಾರೆ. ಅವರು ಸುಳ್ಳಾಡುವವರಲ್ಲ. ಅವರ ಲೆಕ್ಕವು ಸರಾಸರಿಯ ಲೆಕ್ಕ. ಓದುಗನ ಕಷ್ಟವಾದರೋ ಸರಾಸರಿಯದಲ್ಲ.

ಸರಾಸರಿಯು ಹೇಗೆ ವಂಚಿಸುತ್ತದೆಂಬುದನ್ನು ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಲೂಯಿಸ್ ಬರೋಸೊ ಎಂಬವರು ೨೦೧೩ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಒಂದು ಗಣಿತದಿಂದ ಸ್ಪಷ್ಟಪಡಿಸಿದ್ದಾರೆ. ಒಂದು ಯಂತ್ರವು ನೂರು ಸಲದಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ಹೆಚ್ಚು ತಡಮಾಡುತ್ತದೆಂದಿರಲಿ. ಇದು ನಿರ್ಲಕ್ಷ್ಯಕ್ಕೆ ಯೋಗ್ಯವೆಂದೇ ತೋರುತ್ತದೆ. ಆದರೆ ಒಂದು ಕೋರಿಕೆಯು ಇಂತಹ ೧೦೦ ಯಂತ್ರಗಳಿಂದಲೂ ಏಕಕಾಲದಲ್ಲಿ ಉತ್ತರವನ್ನು ಪಡೆಯಬೇಕಾದರೆ, ನೂರೂ ಯಂತ್ರಗಳು ವೇಗವಾಗಿ ಉತ್ತರಿಸುವ ಸಂಭವವು ಶೇಕಡಾ ೩೭ರಷ್ಟು ಮಾತ್ರ. ಉಳಿದ ಶೇಕಡಾ ೬೩ ಕೋರಿಕೆಗಳು ಒಂದು ಸೆಕೆಂಡಿಗಿಂತ ಹೆಚ್ಚು ಕಾಯುತ್ತವೆ. ಒಬ್ಬೊಬ್ಬನ ಅಲ್ಪದೋಷವು ಸಮುದಾಯದಲ್ಲಿ ಮಹಾದೋಷವಾಗುವ ಬಗೆ ಇದು.

ವಿಲಂಬಕ್ಕೆ ಸಾಕ್ಷ್ಯವನ್ನು ಒದಗಿಸುವ ಸಾಧನಗಳು ಮೂರು ಬಗೆಯವು. ಮೊದಲನೆಯದು ಮಾಪನ: ನಿಮಿಷಕ್ಕೆ ಎಷ್ಟು ಕೋರಿಕೆ ಬಂದವು, ಎಷ್ಟು ವಿಫಲವಾದವು, ಸ್ಮೃತಿಕೋಶ ಎಷ್ಟು ತುಂಬಿದೆ ಎಂಬ ಅಂಕಿಗಳು. ೨೦೧೨ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ಪ್ರೊಮೀಥಿಯಸ್ ಎಂಬುದು ಈ ವರ್ಗದಲ್ಲಿ ಪ್ರಸಿದ್ಧವಾಗಿದೆ. ಎರಡನೆಯದು ಲಾಗ್ ಎಂಬ ದಿನಚರಿ. ಪ್ರತಿಯೊಂದು ಸೇವೆಯೂ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ಕಡತ. ಮೂರನೆಯದು ಟ್ರೇಸ್, ಎಂದರೆ ಜಾಡು. ಒಂದೇ ಒಂದು ಕೋರಿಕೆಯು ಎಲ್ಲಿಂದ ಎಲ್ಲಿಗೆ ಹೋಯಿತು, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದರ ಚರಿತ್ರೆ.

ಮೊದಲಿನ ಎರಡು ಬಗೆಗಳಿಂದಲೇ ಕಾರಣವನ್ನು ಊಹಿಸಬಹುದಲ್ಲವೆ ಎಂದು ಕೇಳಬಹುದು. ಊಹಿಸಬಹುದು, ಆದರೆ ತಾರ್ಕಿಕರು ಎಚ್ಚರಿಸುವ ದೋಷವು ಅಲ್ಲಿಯೇ ಒದಗುತ್ತದೆ. ಮಡಕೆಗೆ ಮೊದಲು ಮಣ್ಣೂ ಇತ್ತು, ಚಕ್ರವೂ ಇತ್ತು, ಮಣ್ಣನ್ನು ಹೊತ್ತು ತಂದ ಕತ್ತೆಯೂ ಇತ್ತು. ಹಿಂದೆ ಇದ್ದಿತೆಂಬ ಮಾತ್ರಕ್ಕೆ ಕತ್ತೆಯು ಮಡಕೆಗೆ ಕಾರಣವೆನಿಸುವುದಿಲ್ಲ; ಅದು ಅನ್ಯಥಾಸಿದ್ಧ. ಓದುಗನು ೯ ಸೆಕೆಂಡು ಕಾದ ಹೊತ್ತಿನಲ್ಲಿಯೇ ಚಿತ್ರಕೋಶದ ಯಂತ್ರವು ಹೆಚ್ಚು ದುಡಿಯುತ್ತಿತ್ತೆಂದು ಮಾಪನವು ಹೇಳಿದರೆ ಎಲ್ಲರೂ ಚಿತ್ರಕೋಶವನ್ನೇ ದೂಷಿಸುತ್ತಾರೆ, ಹಣ ಸುರಿದು ಇನ್ನೂ ನಾಲ್ಕು ಯಂತ್ರಗಳನ್ನು ತರಿಸುತ್ತಾರೆ. ಆ ಓದುಗನ ಕೋರಿಕೆಯು ಚಿತ್ರಕೋಶವನ್ನು ತಲುಪಿಯೇ ಇರಲಿಲ್ಲವೆಂಬುದೂ, ಸದಸ್ಯತ್ವದ ಸೇವೆಯು ಬೀಗದ ಬಳಿ ಸರದಿಗಾಗಿ ನಿಂತಿತ್ತೆಂಬುದೂ ಜಾಡಿನಿಂದಲ್ಲದೆ ಹೊರಬೀಳುವುದಿಲ್ಲ. ಕುಂಬಾರನ ಕತ್ತೆಗಳಿಗಾಗಿ ಮಾಡಿದ ವೆಚ್ಚವು ಗಣಕಸಂಸ್ಥೆಗಳಲ್ಲಿ ಅಲ್ಪವಾಗಿರಲಾರದು.

ಜಾಡನ್ನು ಹಿಡಿಯುವ ವಿದ್ಯೆಯು ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಹುಟ್ಟಿತು. ೨೦೦೨ರ ಪಿನ್‌ಪಾಯಿಂಟ್, ಅನಂತರ ಮೈಕ್ರೋಸಾಫ್ಟ್ ಸಂಶೋಧನಾಲಯದ ಮ್ಯಾಗ್‌ಪೈ, ೨೦೦೭ರಲ್ಲಿ ಬರ್ಕ್‌ಲಿಯ ಎಕ್ಸ್-ಟ್ರೇಸ್ ಇವು ಪೂರ್ವಾಚಾರ್ಯರ ಕೃತಿಗಳು. ೨೦೧೦ರಲ್ಲಿ ಗೂಗಲ್ ಸಂಸ್ಥೆಯ ಬೆಂಜಮಿನ್ ಸಿಗೆಲ್‌ಮನ್, ಮೇಲೆ ಹೇಳಿದ ಬರೋಸೊ ಮೊದಲಾದವರು ತಮ್ಮ ಡ್ಯಾಪರ್ ಎಂಬ ವ್ಯವಸ್ಥೆಯನ್ನು ಒಂದು ವರದಿಯಲ್ಲಿ ವಿವರಿಸಿದರು. ಅನಂತರದ ಉಪಕರಣಗಳಲ್ಲಿ ಬಹುಪಾಲು ಈ ವರದಿಯ ವ್ಯಾಖ್ಯಾನಗಳಿದ್ದಂತೆ; ಪರಿಭಾಷೆಯೂ ಅಲ್ಲಿಂದಲೇ ಬಂದುದು. ಒಂದು ಸೇವೆಯು ಒಂದು ಕೋರಿಕೆಗಾಗಿ ಮಾಡಿದ ಕೆಲಸದ ಆದ್ಯಂತವನ್ನು ಸ್ಪ್ಯಾನ್ ಎನ್ನುತ್ತಾರೆ. ಇಲ್ಲಿ ಅದನ್ನು ಖಂಡವೆಂದು ಕರೆಯಬಹುದು. ಪ್ರತಿಯೊಂದು ಖಂಡಕ್ಕೂ ತನ್ನದೇ ಆದ ಸಂಖ್ಯೆ, ತನ್ನನ್ನು ಹುಟ್ಟಿಸಿದ ತಂದೆಖಂಡದ ಸಂಖ್ಯೆ, ಮತ್ತು ಇಡಿಯ ಕೋರಿಕೆಯ ಸಂಖ್ಯೆ ಹೀಗೆ ಮೂರು ಗುರುತುಗಳಿರುತ್ತವೆ. ಇವುಗಳನ್ನು ಒಂದೆಡೆ ಕೂಡಿಸಿದರೆ ಕೋರಿಕೆಯು ಒಂದು ವಂಶವೃಕ್ಷವಾಗಿ ಕಾಣಿಸಿಕೊಳ್ಳುತ್ತದೆ.

ಈ ವೃಕ್ಷವನ್ನು ಗಡಿಯಾರದ ಆಧಾರದಿಂದಲೇ ಕಟ್ಟಬಹುದಾಗಿತ್ತಲ್ಲ, ತಂದೆಯ ಸಂಖ್ಯೆ ಏಕೆ ಎಂಬ ಸಂದೇಹ ಸಹಜ. ಎರಡು ಯಂತ್ರಗಳ ಗಡಿಯಾರಗಳು ಪೂರ್ತಿಯಾಗಿ ಹೊಂದುವುದು ದುರ್ಲಭ. ಕೆಲವು ಮಿಲಿಸೆಕೆಂಡುಗಳ ಅಂತರವಿದ್ದರೂ ಮಗನು ತಂದೆಗಿಂತ ಮೊದಲು ಹುಟ್ಟಿದಂತೆ ಲೆಕ್ಕ ಬರುತ್ತದೆ. ೧೯೭೮ರಷ್ಟು ಹಿಂದೆಯೇ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸನು, ಬೇರೆ ಬೇರೆ ಯಂತ್ರಗಳ ಘಟನೆಗಳಲ್ಲಿ ಪೌರ್ವಾಪರ್ಯವನ್ನು ಗಡಿಯಾರದಿಂದ ತಿಳಿಯುವುದು ಸಾಲದೆಂದೂ, ಸಂದೇಶವನ್ನು ಕಳುಹಿಸಿದ್ದು ಅದನ್ನು ಪಡೆದುದಕ್ಕಿಂತ ಮೊದಲೆಂಬ ನಿಯಮವನ್ನೇ ಹಿಡಿಯಬೇಕೆಂದೂ ಪ್ರತಿಪಾದಿಸಿದನು. ಜಾಡಿನ ಉಪಕರಣಗಳು ನಿಂತಿರುವ ನೆಲ ಅದು.

ಹಾಗಾದರೆ ಎಲ್ಲ ಭಾರವೂ ಆ ಗುರುತುಸಂಖ್ಯೆಯ ಮೇಲೆಯೇ ಬೀಳುತ್ತದೆ. ಓಲೆಗರಿಯ ಕಟ್ಟಿಗೆ ದಾರವೂ ಗರಿಸಂಖ್ಯೆಯೂ ಹೇಗೋ ಜಾಡಿಗೆ ಈ ಸಂಖ್ಯೆ ಹಾಗೆ. ದಾರ ಕಡಿದು ಸಂಖ್ಯೆ ಅಳಿಸಿಹೋದರೆ ಗರಿಗಳೆಲ್ಲ ಇದ್ದರೂ ಗ್ರಂಥವಿಲ್ಲ. ಒಂದು ಸೇವೆಯು ಮತ್ತೊಂದನ್ನು ಕೇಳುವಾಗ ಕೋರಿಕೆಯ ತಲೆಬರಹದಲ್ಲಿ ಈ ಸಂಖ್ಯೆಯನ್ನು ಬರೆದು ಕಳುಹಿಸಬೇಕು. ಪಡೆದ ಸೇವೆಯು ಅದನ್ನು ಮರೆಯದೆ ಮುಂದಿನದಕ್ಕೆ ದಾಟಿಸಬೇಕು. ನಡುವೆ ಒಂದು ಸೇವೆ ಮರೆತರೂ ಜಾಡು ಅಲ್ಲಿಗೇ ತುಂಡಾಗುತ್ತದೆ. ಆದುದರಿಂದ ಉಪಕರಣವನ್ನು ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಸಂಸ್ಥೆಯಲ್ಲಿರುವ ಎಲ್ಲ ಸೇವೆಗಳ ಮೂಲಕವೂ, ಎಲ್ಲ ಭಾಷೆಗಳಲ್ಲಿ ಬರೆದ ಕ್ರಮವಿಧಿಗಳ ಮೂಲಕವೂ, ಈ ಸಂಖ್ಯೆಯು ಅಖಂಡವಾಗಿ ಸಾಗುವುದೋ ಇಲ್ಲವೋ? ವಿಶೇಷವಾಗಿ ಶಂಕಿಸಬೇಕಾದ ಎಡೆಗಳು ಕೆಲವಿವೆ. ಕೋರಿಕೆಗಳನ್ನು ಸರದಿಯಲ್ಲಿಟ್ಟು ಆಮೇಲೆ ನಡೆಸುವ ಸಂದೇಶಸರದಿಗಳು, ರಾತ್ರಿ ಗೊತ್ತಾದ ವೇಳೆಗೆ ತಾವಾಗಿಯೇ ಏಳುವ ಕೆಲಸಗಳು, ಹತ್ತು ವರ್ಷಗಳಿಂದ ಯಾರೂ ಮುಟ್ಟದ ಹಳೆಯ ಕ್ರಮವಿಧಿ ಇವುಗಳಲ್ಲಿ ದಾರ ಕಡಿಯುವುದು ಸಾಮಾನ್ಯ. ಹಣಪಾವತಿಯಂತಹ ಹೊರಗಿನ ಸಂಸ್ಥೆಯ ಸೇವೆಗೆ ಹೋದ ಮೇಲಂತೂ ಜಾಡು ಬಾಗಿಲಲ್ಲೇ ನಿಲ್ಲುತ್ತದೆ. ಅಲ್ಲಿ ಕಳೆದ ಕಾಲದ ಮೊತ್ತವಷ್ಟೇ ತಿಳಿಯುತ್ತದೆ.

ಸಂಖ್ಯೆಯನ್ನು ಬರೆಯುವ ರೀತಿಯಲ್ಲಿಯೂ ಹಿಂದೆ ಮತಭೇದವಿತ್ತು. ಟ್ವಿಟರ್ ಸಂಸ್ಥೆಯು ೨೦೧೨ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಜಿಪ್‌ಕಿನ್ ಎಂಬ ಉಪಕರಣವು ಬಿ-೩ ಎಂಬ ತಲೆಬರಹಗಳನ್ನು ಬಳಸುತ್ತಿತ್ತು. ಉಪಕರಣಕ್ಕೆ ಮೊದಲಿದ್ದ ಬಿಗ್-ಬ್ರದರ್-ಬರ್ಡ್ ಎಂಬ ಹೆಸರಿನ ಮೂರು ಬಕಾರಗಳೇ ಅದಕ್ಕೆ ಮೂಲ. ಹೆಸರು ಬದಲಾದರೂ ಸಂಕ್ಷೇಪವು ಉಳಿದುಕೊಂಡಿತು. ಶಬ್ದಚರಿತ್ರೆಯಲ್ಲಿ ಇಂತಹ ಅವಶೇಷಗಳು ಹೊಸವಲ್ಲ. ಬೇರೆ ಉಪಕರಣಗಳಿಗೆ ಬೇರೆ ತಲೆಬರಹಗಳಿದ್ದವು. ಒಂದು ಸೇವೆಯು ಒಂದು ಮತವನ್ನೂ ಮತ್ತೊಂದು ಸೇವೆಯು ಇನ್ನೊಂದನ್ನೂ ಅನುಸರಿಸಿದಲ್ಲಿ ಜಾಡು ಹರಿಯುತ್ತಿತ್ತು. ೨೦೨೦ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟವು ಟ್ರೇಸ್ ಕಾಂಟೆಕ್ಸ್ಟ್ ಎಂಬ ನಿಬಂಧನೆಯನ್ನು ಅಂಗೀಕರಿಸಿ ಈ ಗೊಂದಲಕ್ಕೆ ಒಂದು ಮೇರೆಯನ್ನು ಹಾಕಿತು. ಅದರಂತೆ ನಿಬಂಧನೆಯ ಆವೃತ್ತಿಗೆ ೨ ಅಕ್ಷರ, ಕೋರಿಕೆಯ ಗುರುತಿಗೆ ೩೨, ತಂದೆಖಂಡಕ್ಕೆ ೧೬, ಸೂಚನೆಗಳಿಗೆ ೨, ನಡುವೆ ಮೂರು ಅಡ್ಡಗೆರೆ, ಹೀಗೆ ಒಟ್ಟು ೫೫ ಅಕ್ಷರಗಳ ಒಂದು ಸಾಲು. ಈ ಸಾಲನ್ನು ಅರಿಯದ ಉಪಕರಣವನ್ನು ಇಂದು ಆರಿಸುವುದು ಯುಕ್ತವಲ್ಲ.

ಎರಡನೆಯ ಪ್ರಶ್ನೆಯು ಇದಕ್ಕಿಂತ ಸೂಕ್ಷ್ಮ. ಎಲ್ಲ ಕೋರಿಕೆಗಳ ಜಾಡನ್ನೂ ಬರೆದಿಡುವುದಾದರೆ ಬರೆಯುವುದೇ ಒಂದು ಭಾರವಾಗಿ, ವಿಲಂಬವನ್ನು ಅಳೆಯುವ ಉಪಕರಣವೇ ವಿಲಂಬಕ್ಕೆ ಕಾರಣವಾದೀತು. ಡ್ಯಾಪರ್ ವರದಿಯಲ್ಲಿ ಇದರ ಅಳತೆಯಿದೆ. ಜಾಲಶೋಧನೆಯ ಒಂದು ಕಾರ್ಯದಲ್ಲಿ ಎಲ್ಲ ಕೋರಿಕೆಗಳನ್ನೂ ಬರೆದಿಟ್ಟಾಗ ಸರಾಸರಿ ವಿಲಂಬವು ಶೇಕಡಾ ೧೬.೩ರಷ್ಟು ಏರಿತು, ಹದಿನಾರರಲ್ಲಿ ಒಂದಕ್ಕಿಂತ ಕಡಿಮೆಯಾಗಿ ಬರೆದಾಗ ಏರಿಕೆಯು ಪ್ರಯೋಗದ ತಪ್ಪಿನ ಮಿತಿಯೊಳಗೇ ಅಡಗಿತು. ಆದುದರಿಂದ ಅವರು ೧೦೨೪ ಕೋರಿಕೆಗಳಲ್ಲಿ ಒಂದನ್ನು ಮಾತ್ರ ಆರಿಸಿ ಬರೆಯುವ ಪದ್ಧತಿಯನ್ನು ಮೊದಲು ಜಾರಿಗೆ ತಂದರು. ಇದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು.

ಶಾಸ್ತ್ರಜ್ಞರಿಗೆ ಇದು ಸ್ಥಾಲೀಪುಲಾಕನ್ಯಾಯವಲ್ಲದೆ ಬೇರೆಯಲ್ಲ. ಅಗುಳೊಂದನ್ನು ಹಿಸುಕಿ ನೋಡಿದರೆ ಪಾತ್ರೆಯ ಅನ್ನವೆಲ್ಲ ಬೆಂದಿತೋ ಇಲ್ಲವೋ ತಿಳಿಯುತ್ತದೆ. ಆದರೆ ಈ ನ್ಯಾಯವು ಎಲ್ಲಿ ಸಲ್ಲುತ್ತದೆಂಬುದನ್ನು ಮರೆಯಬಾರದು. ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ ಇದ್ದಲ್ಲಿ ಅಗುಳು ಅಗುಳಿಗೆ ಭೇದವಿಲ್ಲದಿರುವುದರಿಂದಲೇ ಅಲ್ಲಿ ಅದು ಪ್ರಮಾಣ. ಅನ್ನದಲ್ಲಿ ಕಲ್ಲಿದೆಯೆ ಎಂದು ತಿಳಿಯುವುದಕ್ಕೆ ಒಂದು ಅಗುಳನ್ನು ಹಿಸುಕಿ ನೋಡುವವರು ಯಾರೂ ಇಲ್ಲ. ಕೋರಿಕೆಗಳ ಸಾಮಾನ್ಯ ನಡೆಯನ್ನು ತಿಳಿಯಬೇಕಾದಲ್ಲಿ ೧೦೨೪ರಲ್ಲೊಂದು ಸಾಕು. ಅಪರೂಪವಾದ ದೋಷವನ್ನು ಅರಸುವಲ್ಲಿ ಅದು ಸಾಲದು.

ಗ್ರಂಥಭಂಡಾರದ ದೃಷ್ಟಾಂತದಿಂದಲೇ ಲೆಕ್ಕ ಹಾಕಬಹುದು. ದಿನಕ್ಕೆ ೧೦ ಲಕ್ಷ ಕೋರಿಕೆಗಳು ಬರುತ್ತವೆಂದೂ, ಹತ್ತು ಸಾವಿರಕ್ಕೆ ಒಂದು ಮಾತ್ರ ೯ ಸೆಕೆಂಡು ಹಿಡಿಯುತ್ತದೆಂದೂ ಇರಲಿ. ದಿನಕ್ಕೆ ೧೦೦ ಮಂದಿ ಓದುಗರು ಬೇಸತ್ತು ಹೋಗುತ್ತಾರೆ. ೧೦೨೪ಕ್ಕೆ ಒಂದರಂತೆ ಆರಿಸಿದರೆ ದಿನಕ್ಕೆ ಸುಮಾರು ೯೭೭ ಜಾಡುಗಳು ಉಳಿಯುತ್ತವೆ. ಅವುಗಳಲ್ಲಿ ದೋಷವಿರುವ ಜಾಡು ಸರಾಸರಿಯಲ್ಲಿ ಹತ್ತು ದಿನಕ್ಕೆ ಒಂದು. ತೆರೆಯ ಮೇಲೆ ಒಂಬೈನೂರಕ್ಕೂ ಮೀರಿದ ಸುಂದರ ವೃಕ್ಷಗಳು ಕಾಣಿಸುತ್ತಿರುತ್ತವೆ, ದೋಷವೇನೂ ಇಲ್ಲವೆಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ, ದಿನವೂ ನೂರು ಜನ ಕಾಯುತ್ತಲೇ ಇರುತ್ತಾರೆ. ಡ್ಯಾಪರ್ ಕರ್ತೃಗಳು ಈ ಮಿತಿಯನ್ನು ಬಲ್ಲವರಾಗಿದ್ದರು. ಕೋರಿಕೆಗಳು ಅಪಾರವಾಗಿರುವ ಸೇವೆಗಳಲ್ಲಿ ಮುಖ್ಯವಾದುದು ಹೇಗೂ ಮತ್ತೆ ಮತ್ತೆ ಸಿಕ್ಕುತ್ತದೆಂದೂ, ಕಡಮೆ ಸಂಚಾರವಿರುವ ಸೇವೆಗಳಲ್ಲಿ ಪ್ರಮಾಣವನ್ನು ಏರಿಸಬೇಕೆಂದೂ ಅವರೇ ಹೇಳಿದ್ದಾರೆ. ವರದಿಯನ್ನು ಓದದೆ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡವರ ದೋಷ ಮೂಲಕಾರರದಲ್ಲ.

ಇದಕ್ಕೆ ಪ್ರತಿಯಾಗಿ ಮತ್ತೊಂದು ಪದ್ಧತಿಯಿದೆ. ಕೋರಿಕೆ ಒಳಬರುವಾಗಲೇ ಬರೆಯಬೇಕೆ ಬೇಡವೆ ಎಂದು ಚೀಟಿ ಎತ್ತುವ ಬದಲು, ಅದು ಮುಗಿಯುವವರೆಗೆ ಎಲ್ಲ ಖಂಡಗಳನ್ನೂ ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು, ತಡವಾದುದನ್ನೂ ವಿಫಲವಾದುದನ್ನೂ ಉಳಿಸಿ, ಸುಗಮವಾಗಿ ಮುಗಿದವುಗಳಲ್ಲಿ ಹಿಡಿಯಷ್ಟನ್ನು ಇಟ್ಟುಕೊಂಡು ಮಿಕ್ಕವನ್ನು ಚೆಲ್ಲುವುದು. ಮೊದಲನೆಯದು ಆದಿಯ ಆಯ್ಕೆ, ಇದು ಅಂತ್ಯದ ಆಯ್ಕೆ. ಅಂತ್ಯದ ಆಯ್ಕೆಗೆ ಎರಡು ಆಕ್ಷೇಪಗಳಿವೆ: ಖಂಡಗಳನ್ನು ಹಿಡಿದಿಡುವುದಕ್ಕೆ ಸ್ಮೃತಿಕೋಶ ಬೇಕು, ಒಂದು ಜಾಡಿನ ಎಲ್ಲ ಖಂಡಗಳೂ ಒಂದೇ ಸಂಗ್ರಾಹಕಯಂತ್ರಕ್ಕೆ ಬಂದು ಸೇರಬೇಕು. ಎಲ್ಲವನ್ನೂ ಬರೆಯುವ ಭಾರವು ಸೇವೆಗಳ ಮೇಲೆ ಬೀಳುತ್ತದೆಂಬುದೂ ನಿಜ. ಅದರ ಪ್ರಮಾಣವು ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆಯಾದುದರಿಂದ ಅಲ್ಲಲ್ಲಿಯೇ ಅಳೆದು ನೋಡತಕ್ಕದ್ದು. ಗೂಗಲ್‌ನಂತಹ ಸಂಸ್ಥೆಗೆ ಈ ಆಕ್ಷೇಪಗಳು ಭಾರವಾದವು. ಸಣ್ಣ ಸಂಸ್ಥೆಗೆ ಅವು ಎಷ್ಟು ಭಾರ? ದಿನಕ್ಕೆ ೧೦ ಲಕ್ಷ ಕೋರಿಕೆಯೆಂದರೆ ಸೆಕೆಂಡಿಗೆ ಸುಮಾರು ಹನ್ನೆರಡು. ಮೂವತ್ತು ಸೆಕೆಂಡು ಹಿಡಿದಿಟ್ಟುಕೊಂಡರೆ ಸುಮಾರು ೩೫೦ ಕೋರಿಕೆ. ಒಂದೊಂದಕ್ಕೆ ೩೦ ಖಂಡಗಳಾದರೆ ಹತ್ತು ಸಾವಿರದ ಐನೂರರ ಒಳಗೆ. ಖಂಡವೊಂದಕ್ಕೆ ೫೦೦ ಬೈಟುಗಳೆಂದರೂ ಒಟ್ಟು ೫ ಮೆಗಾಬೈಟುಗಳಿಗಿಂತ ಸ್ವಲ್ಪ ಹೆಚ್ಚು. ಸಂದಣಿಯ ವೇಳೆಯಲ್ಲಿ ಇದು ಹತ್ತರಷ್ಟಾದರೂ ಕೈಯಲ್ಲಿ ಹಿಡಿಯುವ ದೂರವಾಣಿಯ ಸ್ಮೃತಿಯಲ್ಲಿಯೂ ಅಡಗುವಷ್ಟೇ. ಆಯ್ಕೆಯನ್ನೇ ಮಾಡದೆ ಎಲ್ಲವನ್ನೂ ಇಟ್ಟುಕೊಂಡರೂ ದಿನಕ್ಕೆ ೧೫ ಗಿಗಾಬೈಟು. ಒಂದು ವಾರ ಇಟ್ಟುಕೊಳ್ಳುವುದು ಕಷ್ಟವಲ್ಲ. ಮಹಾರಾಜನ ಅರಮನೆಯ ಮಿತವ್ಯಯದ ನಿಯಮಗಳನ್ನು ನಾಲ್ಕು ಜನರ ಸಂಸಾರದಲ್ಲಿ ಆಚರಿಸಿ ಹಸಿದಿರುವಂತಾಗಿದೆ ಹಲವು ಸಂಸ್ಥೆಗಳ ಸ್ಥಿತಿ.

ಇನ್ನು ಉಪಕರಣಗಳ ವಿಚಾರ. ಮೂಲದೊಡನೆ ಎಲ್ಲರಿಗೂ ಮುಕ್ತವಾಗಿ ದೊರೆಯುವವುಗಳಲ್ಲಿ ನಾಲ್ಕು ಮುಖ್ಯ. ಮೇಲೆ ಹೇಳಿದ ಜಿಪ್‌ಕಿನ್ ಸರಳವಾದುದು. ಒಂದೇ ಕಡತವನ್ನು ಓಡಿಸಿ ಅರ್ಧ ಗಂಟೆಯೊಳಗೆ ನೋಡಬಹುದು. ಬೋಧನೆಗೂ ಸಣ್ಣ ವ್ಯವಸ್ಥೆಗೂ ಅದು ಸಾಕು. ಉಬರ್ ಸಂಸ್ಥೆಯಲ್ಲಿ ೨೦೧೫ರಲ್ಲಿ ಹುಟ್ಟಿ ೨೦೧೭ರಲ್ಲಿ ಲೋಕಕ್ಕೆ ಬಂದ ಯೇಗರ್, ಜರ್ಮನ್ ಭಾಷೆಯಲ್ಲಿ ಬೇಟೆಗಾರನೆಂಬ ಅರ್ಥದ ಹೆಸರಿನದು. ಕಾಸಾಂಡ್ರ, ಇಲಾಸ್ಟಿಕ್‌ಸರ್ಚ್ ಮುಂತಾದ ಕೋಶಗಳಲ್ಲಿ ಜಾಡುಗಳನ್ನು ಶೇಖರಿಸುತ್ತದೆ. ಜಾಡಿನ ಮಟ್ಟಿಗೆ ಇದರ ಕೈಚಳಕ ಚೆನ್ನಾಗಿದೆ; ಆದರೆ ಮಾಪನ, ಎಚ್ಚರಿಕೆ ಇವುಗಳಿಗೆ ಪ್ರೊಮೀಥಿಯಸ್‌ನಂತಹ ಜೊತೆಗಾರನು ಬೇಕು.

ಕೊರಿಯಾದ ನೇವರ್ ಸಂಸ್ಥೆಯ ಪಿನ್‌ಪಾಯಿಂಟ್ ೨೦೧೨ರಲ್ಲಿ ಆರಂಭವಾಗಿ ೨೦೧೫ರಲ್ಲಿ ಬಿಡುಗಡೆಯಾಯಿತು. ೨೦೦೨ರ ಸಂಶೋಧನೆಗೂ ಇದಕ್ಕೂ ಹೆಸರೊಂದೇ, ಸಂಬಂಧವಿಲ್ಲ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಬೆರಸಿದಂತೆ ಇವುಗಳನ್ನು ಬೆರಸಬಾರದು. ಚೀನಾದ ವೂ ಶೆಂಗ್ ೨೦೧೫ರಲ್ಲಿ ಆರಂಭಿಸಿದ ಸ್ಕೈವಾಕಿಂಗ್ ೨೦೧೯ರಲ್ಲಿ ಅಪಾಚೆ ಪ್ರತಿಷ್ಠಾನದ ಪೂರ್ಣಪ್ರಮಾಣದ ಯೋಜನೆಯಾಯಿತು. ಇವೆರಡರ ವಿಶೇಷವೆಂದರೆ ಏಜೆಂಟ್ ಎಂಬ ಸಹಚರ. ಜಾವಾ ಭಾಷೆಯ ಕ್ರಮವಿಧಿಯನ್ನು ಯಂತ್ರವು ಓದಿಕೊಳ್ಳುವ ಕ್ಷಣದಲ್ಲಿಯೇ ಈ ಸಹಚರನು ಅಳತೆಯ ಆಜ್ಞೆಗಳನ್ನು ಒಳಗೆ ಸೇರಿಸಿಬಿಡುತ್ತಾನೆ. ಬರೆದವನು ಮೂಲಪಾಠದಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಹಳೆಯ ಕ್ರಮವಿಧಿಗಳು ಹೆಚ್ಚಾಗಿದ್ದು ಅವುಗಳನ್ನು ಬರೆದವರು ಸಂಸ್ಥೆಯನ್ನು ಬಿಟ್ಟುಹೋಗಿರುವೆಡೆ ಇದು ದೊಡ್ಡ ಅನುಕೂಲ. ಆದರೆ ಸಹಚರನು ತಾನು ಬಲ್ಲ ಸಾಮಗ್ರಿಗಳನ್ನು ಮಾತ್ರ ಅಳೆಯುತ್ತಾನೆ; ಸಂಸ್ಥೆಯವರು ತಾವೇ ಕಟ್ಟಿಕೊಂಡ ಭಾಗಗಳು ಅವನಿಗೆ ಕಾಣಿಸುವುದಿಲ್ಲ. ಪಿನ್‌ಪಾಯಿಂಟ್ ಕ್ರಮವಿಧಿಯ ಒಳಗಿನ ಹೆಜ್ಜೆಗಳವರೆಗೂ ತೋರಿಸುತ್ತದೆ. ಅದಕ್ಕೆ ಎಚ್‌ಬೇಸ್ ಎಂಬ ಭಾರವಾದ ಕೋಶವನ್ನು ಸಾಕಬೇಕು. ಎಚ್‌ಬೇಸ್ ಬಲ್ಲವರು ಸಂಸ್ಥೆಯಲ್ಲಿ ಇಲ್ಲದಿದ್ದರೆ ಉಪಕರಣದ ಸೇವೆ ಮಾಡುವುದೇ ಒಂದು ಉದ್ಯೋಗವಾದೀತು. ಸ್ಕೈವಾಕಿಂಗ್ ಜಾಡು, ಮಾಪನ, ಎಚ್ಚರಿಕೆ ಮೂರನ್ನೂ ಒಂದೆಡೆ ಕೊಡುತ್ತದೆ. ಆಲದ ಮರದ ಹೆಸರನ್ನಿಟ್ಟ ಬ್ಯಾನಿಯನ್-ಡಿಬಿ ಎಂಬ ಸ್ವಂತ ಕೋಶವೂ ಅದಕ್ಕಿದೆ.

ಬಾಡಿಗೆಗೆ ದೊರೆಯುವ ವಾಣಿಜ್ಯ ಉಪಕರಣಗಳಲ್ಲಿ ಡೇಟಾಡಾಗ್, ಡೈನಟ್ರೇಸ್, ನ್ಯೂ ರೆಲಿಕ್ ಮೊದಲಾದವು ಹೆಸರಾದವು. ೨೦೦೮ರಲ್ಲಿ ಸ್ಥಾಪಿತವಾದ ನ್ಯೂ ರೆಲಿಕ್, ಸ್ಥಾಪಕ ಲ್ಯೂ ಸರ್ನಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಕಟ್ಟಿದ ಪದ; ಚಿತ್ರಕಾವ್ಯದ ರುಚಿಯುಳ್ಳವರಿಗೆ ಇದು ವಿನೋದ. ಇಂತಹವುಗಳಲ್ಲಿ ನಿರ್ವಹಣೆಯ ತೊಡಕು ಕಡಮೆ. ಆದರೆ ಶುಲ್ಕವು ಬಹುಮಟ್ಟಿಗೆ ಕಳುಹಿಸಿದ ದತ್ತಾಂಶದ ಪರಿಮಾಣವನ್ನೋ ಯಂತ್ರಗಳ ಸಂಖ್ಯೆಯನ್ನೋ ಅನುಸರಿಸುವುದರಿಂದ, ವೆಚ್ಚವನ್ನು ತಗ್ಗಿಸಲು ಜಾಡುಗಳನ್ನು ಕಡಮೆ ಮಾಡುತ್ತಾ ಹೋಗಬೇಕಾಗಿ, ಮೇಲೆ ಹೇಳಿದ ಅಗುಳಿನ ದೋಷವು ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಇವುಗಳಲ್ಲಿ ಒಂದನ್ನು ಶ್ರೇಷ್ಠವೆಂದು ಸಾರುವುದಕ್ಕಿಂತ ಮೊದಲು ಒಂದು ಇತಿಹಾಸವನ್ನು ನೆನೆಯಬೇಕು. ೨೦೧೬ರಲ್ಲಿ ಓಪನ್-ಟ್ರೇಸಿಂಗ್ ಎಂಬ ಸಾಮಾನ್ಯನಿಯಮವೂ, ೨೦೧೮ರಲ್ಲಿ ಗೂಗಲ್‌ನಿಂದ ಓಪನ್-ಸೆನ್ಸಸ್ ಎಂಬುದೂ ಬಂದವು. ಎರಡೂ ಏಕತೆಗಾಗಿ ಹುಟ್ಟಿ ಒಡಕನ್ನು ಇಮ್ಮಡಿಸಿದವು. ೨೦೧೯ರಲ್ಲಿ ಇವೆರಡೂ ಕೂಡಿ ಓಪನ್-ಟೆಲಿಮೆಟ್ರಿಯಾದವು. ೨೦೨೧ರಲ್ಲಿ ಜಾಡಿನ ಭಾಗದ ನಿಯಮಗಳು ಸ್ಥಿರಗೊಂಡವು. ಇದು ಜಾಡನ್ನು ತೋರಿಸುವ ಉಪಕರಣವಲ್ಲ; ಸೇವೆಗಳೊಳಗೆ ಅಳತೆಯ ಆಜ್ಞೆಗಳನ್ನು ಬರೆಯುವ, ಅಳೆದುದನ್ನು ಸಂಗ್ರಹಿಸಿ ಸಾಗಿಸುವ ಸಾಮಾನ್ಯ ವ್ಯಾಕರಣ. ಯೇಗರ್ ಪಕ್ಷದವರು ತಮ್ಮ ಸ್ವಂತ ಅಳತೆಯ ಗ್ರಂಥಾಲಯಗಳನ್ನು ೨೦೨೨ರ ವೇಳೆಗೆ ಕೈಬಿಟ್ಟು ಇದನ್ನೇ ಬಳಸಬೇಕೆಂದರು. ೨೦೨೪ರಲ್ಲಿ ಬಂದ ಯೇಗರಿನ ಎರಡನೆಯ ಆವೃತ್ತಿಯು ಇದರ ಸಂಗ್ರಾಹಕದ ಮೇಲೆಯೇ ಕಟ್ಟಲ್ಪಟ್ಟಿದೆ. ಹಿಂದೆ ಯೇಗರಿನ ಗ್ರಂಥಾಲಯಗಳನ್ನು ಸಾವಿರಾರು ಕಡೆ ಬರೆದುಕೊಂಡಿದ್ದವರು ಅವೆಲ್ಲವನ್ನೂ ಅಳಿಸಿ ಬರೆಯಬೇಕಾಯಿತು. ಆದುದರಿಂದ ಆಯ್ಕೆಯನ್ನು ಎರಡು ಭಾಗ ಮಾಡತಕ್ಕದ್ದು. ಸೇವೆಗಳ ಒಳಗಿನ ಅಳತೆಯು ಚಿರಕಾಲ ಉಳಿಯತಕ್ಕದ್ದಾದ ಕಾರಣ ಅದನ್ನು ಸಾಮಾನ್ಯ ವ್ಯಾಕರಣಕ್ಕೆ ಒಪ್ಪಿಸಬೇಕು. ತೋರಿಸುವ ಉಪಕರಣವು ಬದಲಾಗತಕ್ಕದ್ದು. ಅದನ್ನು ಇಂದಿನ ಅಗತ್ಯವನ್ನೂ ಇಂದಿನ ಕೈಯಾಳುಗಳನ್ನೂ ನೋಡಿ ಆರಿಸಿದರೆ ಸಾಕು. ಈ ವಿಭಾಗವಾದ ಮೇಲೆ ಯೇಗರೋ ಸ್ಕೈವಾಕಿಂಗೋ ಎಂಬ ವಾದಕ್ಕೆ ಹಿಂದಿನ ಕಾವಿರುವುದಿಲ್ಲ.

ಇಷ್ಟೆಲ್ಲ ಸಾಮಗ್ರಿಯು ಎಲ್ಲರಿಗೂ ಬೇಕೆ ಎಂಬ ಆಕ್ಷೇಪವು ನ್ಯಾಯವಾದುದೇ. ಒಂದೇ ಯಂತ್ರದಲ್ಲಿ ಒಂದೇ ಕ್ರಮವಿಧಿಯಾಗಿ ನಡೆಯುವ ಕಾರ್ಯಕ್ಕೆ ಅಚ್ಚುಕಟ್ಟಾದ ದಿನಚರಿಯೂ ನಾಲ್ಕಾರು ಮಾಪನಗಳೂ ಸಾಕು. ಮೂರು ಸೇವೆಗಳಿರುವಲ್ಲಿ ಪ್ರತಿಯೊಂದು ದಿನಚರಿಯ ಸಾಲಿನಲ್ಲಿಯೂ ಕೋರಿಕೆಯ ಸಂಖ್ಯೆಯನ್ನು ಬರೆಯುವ ನಿಯಮವೇ ಬಹಳ ದೂರ ಕೊಂಡೊಯ್ಯುತ್ತದೆ.

ಮತ್ತೊಂದು ವಿಷಯವನ್ನು ಆರಿಸುವವರು ಮರೆಯುತ್ತಾರೆ. ಜಾಡು ಕೋರಿಕೆಯನ್ನು ಹಿಂಬಾಲಿಸುತ್ತದೆ; ಕೋರಿಕೆಯ ಹಿಂದೆ ಮನುಷ್ಯನಿದ್ದಾನೆ. ಯಾರು ಯಾವ ಗ್ರಂಥವನ್ನು ಎಷ್ಟು ಹೊತ್ತಿಗೆ ಹುಡುಕಿದರೆಂಬುದು ಖಂಡಗಳ ಟಿಪ್ಪಣಿಗಳಲ್ಲಿ ಸೇರಿಹೋದರೆ, ವಿಲಂಬವನ್ನು ಅರಸುವುದಕ್ಕೆ ಇಟ್ಟ ಕೋಶವು ಓದುಗರ ಗುಟ್ಟಿನ ಕೋಶವಾಗುತ್ತದೆ. ಡ್ಯಾಪರ್ ಇದನ್ನು ಮುಂಗಂಡು, ಕರೆಗಳ ಹೆಸರನ್ನು ಮಾತ್ರ ಬರೆದು ಅವುಗಳ ಒಳಗಿನ ದತ್ತಾಂಶವನ್ನು ಬರೆಯದೆ ಬಿಟ್ಟಿತ್ತು. ಭಾರತದಲ್ಲಿ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಬಂದ ಮೇಲೆ ಇದು ಶಿಷ್ಟಾಚಾರದ ಮಾತಾಗಿ ಮಾತ್ರ ಉಳಿದಿಲ್ಲ. ಹೆಸರು, ದೂರವಾಣಿಯ ಸಂಖ್ಯೆ ಮೊದಲಾದುವನ್ನು ಸಂಗ್ರಾಹಕದಲ್ಲಿಯೇ ಅಳಿಸುವ ಸೌಕರ್ಯವಿದೆಯೋ, ಜಾಡುಗಳು ಎಷ್ಟು ದಿನದ ಮೇಲೆ ತಾವಾಗಿ ನಾಶವಾಗುತ್ತವೆಯೋ ಎಂಬುದನ್ನು ಕೇಳಿ ತಿಳಿಯಬೇಕು.

ಎಲ್ಲ ವಿಚಾರವೂ ಮುಗಿದ ಮೇಲೆ ಉಳಿಯುವುದು ಪ್ರಯೋಗ. ಮಾರುವವರು ತೋರಿಸುವ ಸಿದ್ಧದೃಷ್ಟಾಂತವನ್ನು ನೋಡಿ ನಿರ್ಣಯಿಸದೆ, ಸಂಸ್ಥೆಯ ಸ್ವಂತ ವ್ಯವಸ್ಥೆಯ ಒಂದು ಪ್ರತಿಯಲ್ಲಿ ಬೇಕೆಂದೇ ದೋಷವನ್ನು ಹುಗಿದಿಡಬೇಕು. ಸೂಚಿಯ ಸೇವೆಯು ಸಾವಿರಕ್ಕೆ ಒಂದು ಕೋರಿಕೆಯಲ್ಲಿ ೩ ಸೆಕೆಂಡು ಸುಮ್ಮನಿರುವಂತೆಯೂ, ಸಂದೇಶಸರದಿಯ ಆಚೆಯ ಒಂದು ಕೆಲಸವು ಆಗಾಗ ಕೆಡುವಂತೆಯೂ ಮಾಡಿ, ಹುಗಿದ ಜಾಗವನ್ನರಿಯದ ಒಬ್ಬನನ್ನು ಕೂರಿಸಿ, ಉಪಕರಣವೊಂದನ್ನೇ ನಂಬಿ ಹುಡುಕಲು ಬಿಡಬೇಕು. ಅವನು ಎಷ್ಟು ಹೊತ್ತಿನಲ್ಲಿ ಕಂಡುಹಿಡಿದನೆಂಬುದನ್ನೂ, ನಡುವೆ ಎಷ್ಟು ಕತ್ತೆಗಳನ್ನು ಹಿಡಿದನೆಂಬುದನ್ನೂ ಬರೆದಿಟ್ಟುಕೊಂಡರೆ ನಾಲ್ಕು ಉಪಕರಣಗಳ ತಾರತಮ್ಯವು ಒಂದು ವಾರದಲ್ಲಿ ತಿಳಿಯುತ್ತದೆ. ಕಡೆಯದಾಗಿ, ಕೋರಿಕೆಗಳು ನಡೆಯುತ್ತಿರುವಾಗಲೇ ಜಾಡುಗಳ ಸಂಗ್ರಾಹಕಯಂತ್ರವನ್ನು ಒಮ್ಮೆ ನಿಲ್ಲಿಸಿ ನೋಡಬೇಕು. ಜಾಡುಗಳು ಕಳೆದುಹೋದರೆ ಚಿಂತೆಯಿಲ್ಲ. ಓದುಗರ ಕೋರಿಕೆಗಳೂ ಅದರೊಡನೆ ನಿಂತುಹೋದರೆ ಅಂತಹ ಉಪಕರಣವನ್ನು ಅಲ್ಲಿಗೇ ಕೈಬಿಡತಕ್ಕದ್ದು.